ಪೀಠವೇರಿದ ಸಿಲೆಬಸ್ಸು

ಏಳು ಸಮುದ್ರದಾಚೆ ಅಲ್ಲ, ಏಳು ಬೆಟ್ಟದಾಚೆಯೂ ಅಲ್ಲ, ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಬಸ್ ಸ್ಟ್ಯಾಂಡಿನ ಎದುರಿಗೇ ಒಬ್ಬ ರಾಜನಿದ್ದ. ಅವನ ಹೆಸರು ವೈಜನಾಥ. ರಾಜ್ಯವೆಂದರೆ ಎರಡು ಕಪಾಟು, ಒಂದು ಗಜಕಡ್ಡಿ ಮತ್ತು ಗಾಳಿಗಿಂತ ಹೆಚ್ಚು ಸದ್ದು ಬೀಸುವ ಒಂದು ಫ್ಯಾನು ಇದ್ದ ಬಟ್ಟೆ ಅಂಗಡಿ. ರಾಜಮಾತೆ ಕುಸುಮಬಾಯಿ ಗಲ್ಲೆಯ ಪಕ್ಕ ಕೂತು ಬಂದ ಗಿರಾಕಿಗಳ ಮನೆತನ ವಿಚಾರಿಸುತ್ತಿದ್ದಳು. ಇನ್ನು ರಾಣಿ ಮಯೂರಿ. ಬೇರೆ ಕಥೆಗಳ ರಾಣಿಯರು ಹುಲಿಯ ಹಾಲು ಬೇಕು, ಮಾತಾಡುವ ಗಿಳಿ ಬೇಕು ಎಂದು ಹಟ ಹಿಡಿದು ಗಂಡನನ್ನು ಕಾಡಿಗೆ ಅಟ್ಟುತ್ತಾರೆ. ಮಯೂರಿ ಕೇಳಿದ್ದು ಒಂದು ಫೈಲು, ಅದೂ ಉದಗೀರಕ್ಕೆ.

ಮದುವೆಗೆ ಮುಂಚೆ ಮಯೂರಿ ಗಡಿಯಾಚೆ, ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಪಿಎಚ್.ಡಿ.ಗೆ ಸೇರಿ, ಒಂದು ವರ್ಷ ತರಗತಿಯಲ್ಲಿ ಕೂತು, ನಾಲ್ಕು ಪೇಪರು ಪಾಸಾಗಿದ್ದಳು. ಅಷ್ಟರಲ್ಲಿ ಅವಳ ಮಾರ್ಗದರ್ಶಕರು ನಿವೃತ್ತರಾದರು, ಅವಳು ಉಮರ್ಗಾದ ಸೊಸೆಯಾದಳು. ಈಗ ಉದಗೀರದ ಒಂದು ಸಂಶೋಧನಾ ಕೇಂದ್ರ ಅವಳನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ಅಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲೂ ಒಪ್ಪಿತ್ತು. ಮೊಬೈಲಿನಲ್ಲಿ ಕಳಿಸಿದ ನಕಲು ನೋಡಿ ಪೇಪರಿಗೆ ಪೇಪರು ಹೊಂದಿಸಿಯೂ ಆಗಿತ್ತು. ಹಳೆಯ ವಿಭಾಗದ ಶಿಕ್ಕಾ, ಅಂದರೆ ಮೊಹರು, ಇರುವ ಅಸಲು ಸಿಲೆಬಸ್ಸನ್ನು ಕಣ್ಣಾರೆ ಕಂಡು ಕೇಂದ್ರದ ಸಮಿತಿಯ ಅಧ್ಯಕ್ಷರು ಸಹಿ ಹಾಕುವುದೊಂದೇ ಬಾಕಿ. ಅದಕ್ಕೆ ಇವತ್ತೇ ಕೊನೆಯ ದಿನ. ತಪ್ಪಿದರೆ ನಾಲ್ಕೂ ಪೇಪರು ಮೊದಲಿನಿಂದ. ಅದರಲ್ಲೊಂದು ಸಂಖ್ಯಾಶಾಸ್ತ್ರ. ಆ ಪೇಪರು ಪಾಸಾದ ದಿನ ಮಯೂರಿ ಅತ್ತದ್ದನ್ನು ಕಂಡವರು, ಫೇಲಾಗಿದ್ದರೆ ಇನ್ನು ಹೇಗೆ ಅಳುತ್ತಿದ್ದಳೋ ಎಂದು ಇಂದಿಗೂ ಮಾತಾಡಿಕೊಳ್ಳುತ್ತಾರೆ.

ಮಯೂರಿ ಹಿಂದಿನ ದಿನವೇ ಉದಗೀರ ಸೇರಿದ್ದಳು. ಹಳೆಯ ವಿಭಾಗ ಕಳಿಸಿದ ಆ ಸಿಲೆಬಸ್ಸಿನ ಫೈಲು ಮಾತ್ರ ಕೊರಿಯರಿನವನ ಸೈಕಲ್ಲಿನಲ್ಲಿ ಈ ಬೆಳಿಗ್ಗೆ ಅಂಗಡಿಗೆ ಬಂತು.

"ನಾ ತರ್ತೀನಿ," ಎಂದು ವೈಜನಾಥ ಫೋನಿನಲ್ಲಿ ಘೋಷಿಸಿದ. "ನೀ ನಿರಾಳ ಕುಂದುರು. ನಿನ್ನ ಕೈಯಾಗ ಫೈಲ್ ಇಟ್ಟೇ ನಾ ನೀರ್ ಕುಡೀತೀನಿ."

"ನೀರ್ ಕುಡೀರಿ, ಫೈಲ್ ತರ್ರಿ. ಎದುರ ಅಂಗಡಿ ಉಮಾಕಾಂತ ಕಾಕಾರ ಮೋಟಾರ್ ಸೈಕಲ್ ಇಸ್ಕೊಂಡು ಬರ್ರಿ, ಲಗೂ ಆಗ್ತದ."

"ಮೋಟಾರ್ ಸೈಕಲ್ ಯಾಕ? ಬಸ್ಸಿನಾಗ ನನಗ ಸೀಟ್ ಸಿಗಲ್ದ ದಿನಾ ಯಾವದರೇ ಅದ ಏನು?"

ಇದು ಜಂಬವಾದರೂ ಸುಳ್ಳಲ್ಲ. ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು ಆದಾಗಿನಿಂದ ಆ ಭಾಗದ ಕೆಂಪು ಬಸ್ಸುಗಳಲ್ಲಿ ಗಂಡಸರು ಅಲ್ಪಸಂಖ್ಯಾತರು. ಅಂಥಲ್ಲೂ ವೈಜನಾಥ ಹೆಗಲ ಟುವಾಲನ್ನು ಸುರುಳಿ ಮಾಡಿ, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಎಸೆದನೆಂದರೆ ಅದು ಬೇಕಾದ ಸೀಟಿನ ಮೇಲೇ ಬಿಚ್ಚಿಕೊಂಡು ಬೀಳುತ್ತಿತ್ತು. ಟುವಾಲು ಬಿದ್ದ ಸೀಟು ಎಸೆದವನದು. ಅದರ ಮೇಲೆ ಎಷ್ಟು ದೊಡ್ಡ ಪುಢಾರಿಯೂ ಕೂರುವುದಿಲ್ಲ. ಕೋರ್ಟಿನ ಕಾಗದಕ್ಕೆ ಆ ಸೀಮೆಯಲ್ಲಿ ಅಷ್ಟು ಬೆಲೆ ಇಲ್ಲ.

ಆದರೆ ಅವತ್ತು ವೈಜನಾಥ ಟುವಾಲನ್ನು ಮೊಳೆಗೆ ತೂಗುಹಾಕಿ, ಮದುವೆಯಲ್ಲಿ ಹೊಲಿಸಿದ ಜಾಕೀಟು ತೊಟ್ಟ.

"ಟುವಾಲ ಬಿಟ್ಟ್ ಹೊಂಟಿ?" ಕುಸುಮಬಾಯಿ ಕೇಳಿದಳು.

"ಅವ್ವಾ, ನಾಳಿ ಡಾಕ್ಟರೇಟ್ ಆಗೋಕಿ ಗಂಡ ನಾ. ಹೆಗಲ ಮ್ಯಾಲ ಟುವಾಲ ಹಾಕ್ಕೊಂಡು ಪ್ರೊಫೆಸರ್ ಮಂದಿ ಮುಂದ ನಿಂತ್ರ ಚಂದ ಕಾಣಂಗಿಲ್ಲ."

ಶ್ರಾವಣದ ಜಿಟಿಜಿಟಿ ಮಳೆ. ಫೈಲು ನೆನೆಯಬಾರದೆಂದು ಅವನು ಗಲ್ಲೆಯ ಮೇಲಿದ್ದ ಕಾವಿ ಬಟ್ಟೆಯ ಥಾನಿನಿಂದ ಒಂದು ತುಂಡು ಹರಿದು ಸುತ್ತಿದ. ಶ್ರಾವಣದಲ್ಲಿ ಊರೂರಿನ ಶಿವಭಕ್ತರ ಮನೆಗಳಲ್ಲಿ ಪೋಥಿ ಓದುವುದುಂಟು. ಆ ಪವಿತ್ರ ಗ್ರಂಥಕ್ಕೆ ಹೊಸ ಕಾವಿ ಬಟ್ಟೆ ಬೇಕು. ಹಾಗಾಗಿ ಅಂಗಡಿಯಲ್ಲಿ ಕೈಗೆ ಮೊದಲು ಸಿಗುವುದೇ ಅದು. ಕುಸುಮಬಾಯಿ ಸೊಸೆಯ ಕೆಲಸ ಆಗಲೆಂದು ಗಂಟಿಗೆ ಮೂರು ಬೆರಳು ವಿಭೂತಿ ಎಳೆದು, ಪೂಜೆಯ ಒಂದು ಬಿಲ್ವಪತ್ರೆ ಸಿಗಿಸಿದಳು. ಈಗ ಆ ಗಂಟನ್ನು ನೋಡಿದರೆ ಮನಃಶಾಸ್ತ್ರದ ಸಿಲೆಬಸ್ಸೆಂದು ಅದನ್ನು ಬರೆದ ಪ್ರೊಫೆಸರರೂ ಹೇಳಲಾರರು.

ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಒಟ್ಟಿಗೇ ಬಂದು ಒಂದರ ಪಕ್ಕ ಒಂದು ನಿಂತವು. ಒಂದು ನಿಲಂಗಾದ ಮೇಲೆ ಹಾದು ಉದಗೀರಕ್ಕೆ, ಇನ್ನೊಂದು ನಿಲಂಗಾಕ್ಕಷ್ಟೇ. ಜನ ಎರಡಕ್ಕೂ ಮುತ್ತಿದರು. ವೈಜನಾಥನ ಕೈ ರೂಢಿಯಂತೆ ಹೆಗಲಿಗೆ ಹೋಯಿತು. ಹೆಗಲು ಬೋಳಾಗಿತ್ತು. ಕೈಗೆ ಯೋಚನೆ ಇರುವುದಿಲ್ಲ, ಅಭ್ಯಾಸವಷ್ಟೇ. ಅದು ಬಗಲಿನ ಗಂಟು ಎಳೆದು ಉದಗೀರದ ಬಸ್ಸಿನ ಮೂರನೆಯ ಕಿಟಕಿಯೊಳಗೆ ಬೀಸಿ ಒಗೆಯಿತು. ಗಂಟು ಸೀಟಿನ ನಡುವೆ ಚೊಕ್ಕವಾಗಿ ಕೂತಿತು.

"ವ್ಹಾ!" ಎಂದು ತನಗೆ ತಾನೇ ಹೇಳಿಕೊಂಡು ಅವನು ಬಾಗಿಲಿಗೆ ತಿರುಗಿದ. ಬುಟ್ಟಿ ಹೊತ್ತವರು, ಕೂಸು ಎತ್ತಿಕೊಂಡವರು, ಮೊಳಕೈ ಇದ್ದವರು ಎಲ್ಲರೂ ಸೇರಿ ಅವನನ್ನು ಒಂದು ಸುತ್ತು ತಿರುಗಿಸಿದರು. ಜಾಕೀಟಿನ ಗುಂಡಿ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಅವನು ಹತ್ತಿದ್ದು ಪಕ್ಕದ, ನಿಲಂಗಾಕ್ಕಷ್ಟೇ ಹೋಗುವ ಬಸ್ಸು.

ಹತ್ತಿ ಮೂರನೆಯ ಕಿಟಕಿಗೆ ಹೋದರೆ ಅಲ್ಲಿ ಒಬ್ಬ ಮುದುಕಿ. ಅವಳ ತೊಡೆಯ ಮೇಲೆ ಕಾವಿ ಬಟ್ಟೆಯ ಗಂಟು, ಅದರ ಮೇಲೆ ವಿಭೂತಿ.

"ಆಯಿ, ನಂದು ಕೊಡ್ರಿ," ಎಂದು ವೈಜನಾಥ ಕೈ ಚಾಚಿದ.

"ನಿಂದಾ?" ಮುದುಕಿ ಗಂಟನ್ನು ಎದೆಗೊತ್ತಿಕೊಂಡಳು. "ಗುಂಜೋಟಿಯಿಂದ ತಲಿ ಮ್ಯಾಲ ಹೊತ್ತ್ ತಂದೀನಿ, ನಿಂದ್ ಹ್ಯಾಂಗಾಯ್ತೋ ಭಾಡ್ಯಾ?"

"ಅರಿವಿ ನೋಡ್ರಿ, ನನ್ನ ಅಂಗಡೀದೇ ಅದ!"

"ಅರಿವಿ ನಿನ್ನ ಅಂಗಡೀದೇ. ನಾನೇ ಒಯ್ದೀನಿ. ಮಾರಿದ್ದೆಲ್ಲಾ ನಿಂದಂದ್ರ, ನಾ ಉಟ್ಟ್ ಸೀರೀನೂ ನಿಂದೇನು?"

ಬಸ್ಸು ನ್ಯಾಯಪೀಠವಾಯಿತು. ಹಿಂದಿನ ಸೀಟಿನವರು ಎದ್ದು ನಿಂತರು, ನಿಂತವರು ಮುಂದೆ ಬಾಗಿದರು.

"ಬಿಚ್ಚಿ ತೋರಸ್ಲಿ," ಎಂದಿತು ಒಂದು ದನಿ.

"ಜಾಕೀಟ್ ಹಾಕ್ಕೊಂಡಾನ, ಕಳ್ಳ ಇರ್ಲಿಕ್ಕಿಲ್ಲ," ಎಂದಿತು ಇನ್ನೊಂದು.

"ಕಳ್ಳರೇ ಜಾಕೀಟ್ ಹಾಕ್ಕೋತಾರ."

ಅಷ್ಟರಲ್ಲಿ ಕಂಡಕ್ಟರ್ ಸ್ವಪ್ನಾಲಿ ಟಿಕೀಟಿನ ಯಂತ್ರ ಎತ್ತಿಕೊಂಡು ಬಂದು, "ಚಪ್ಪಲಿ ತೆಗೀರಿ, ಆಮ್ಯಾಲ ಬಿಚ್ರಿ," ಎಂದು ತೀರ್ಪು ಕೊಟ್ಟಳು. ಮಾಳಮ್ಮ, ಅದು ಮುದುಕಿಯ ಹೆಸರು, ಗಂಟಿನ ಒಂದು ಮೂಲೆ ಸರಿಸಿದಳು. ಒಳಗೆ ಹಣ್ಣಾದ ಹಾಳೆಗಳ ದಪ್ಪ ಪೋಥಿ. ಬಸ್ಸಿಗೆ ಬಸ್ಸೇ ಕೈ ಮುಗಿಯಿತು. ವೈಜನಾಥನೂ ಮುಗಿದ. ಮುಗಿದ ಕೈ ಇಳಿಸುತ್ತ ಕಿಟಕಿಯಾಚೆ ನೋಡಿದರೆ ಉದಗೀರದ ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ಕತ್ತೆ ನಿಂತಿತ್ತು.

"ಹೋಯ್ತು!" ಎಂದು ಅವನು ಕೂಗಿದ. "ನನ್ನ ಹೆಂಡತಿ ಪಿಎಚ್.ಡಿ. ಹೋಯ್ತು!"

ಅವನ ಗೋಳು ಕೇಳಿ ಸ್ವಪ್ನಾಲಿ ಮುಂದಿನ ಬಸ್ಸಿನ ಕಂಡಕ್ಟರ್ ಮೀನಲಳಿಗೆ ಫೋನು ಹಚ್ಚಿದಳು. ನಿಲಂಗಾ ಹತ್ತಿರ ಬರುವವರೆಗೆ ರೇಂಜು ಸಿಗಲಿಲ್ಲ. ಸಿಕ್ಕಾಗ ಇಡೀ ಬಸ್ಸಿಗೆ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಗಂಟಾ? ಹ್ವಾದು, ಇತ್ತು," ಮೀನಲ ಹೇಳಿದಳು. "ಯಾರ್ದು ಅಂತ ಕೇಳ್ದೆ, ಯಾರೂ ಹೂಂ ಅನ್ಲಿಲ್ಲ. ಪೋಥಿ ಒಬ್ಬಂಟಿ ಹೊಂಟಾದ ಅಂತ ಮಂದಿ ಕೈ ಮುಗದ್ರು. ಬಾಗಲದಾಗ ಜೋತಾಡ್ಲಾಕತ್ತಿದ್ರು, ಆ ಸೀಟಿನ ಮ್ಯಾಲ ಮಾತ್ರ ಒಬ್ಬರೂ ಕುಂದರ್ಲಿಲ್ಲ ನೋಡಕ್ಕಾ. ಒಬ್ಬಾಕಿ ಹೂವು ಏರ್ಸಿದಳು. ನಾ ಅರ್ಧ ಟಿಕೀಟ್ ಹರೀಲೋ, ಪೂರಾ ಹರೀಲೋ ಅಂತ ವಿಚಾರ ಮಾಡ್ಲಾಕತ್ತಿದ್ದೆ."

"ಈಗ ಎಲ್ಲದ್ರೀ?" ವೈಜನಾಥನ ಗಂಟಲು ಒಣಗಿತ್ತು. ಕುಡಿಯುವುದಿಲ್ಲವೆಂದ ನೀರಿನ ನೆನಪಾಯಿತು.

"ನಿಲಂಗಾದಾಗ ಭಜನಿ ಮಂಡಳಿ ತಾಳ ಬಾರಿಸ್ಕೋತ ಬಂತು. ನಮ್ಮ ಪೋಥಿ ಬಂತು, ಬಂತು ಅಂತ ತಲಿ ಮ್ಯಾಲ ಇಟ್ಕೊಂಡು ಒಯ್ದ್ರು."

ಮಾಳಮ್ಮ ಹಣೆ ಬಡಿದುಕೊಂಡಳು. "ಅಯ್ಯ ಶಿವನೇ! ಅದು ಲಲಿತಾಬಾಯಿ ಮಂಡಳಿ. ನನ್ನ ಪೋಥಿ ಸಲುವಾಗೇ ಬಂದಿದ್ರು! ಹ್ವಾದ ವರ್ಷ ನಾ ಬರ್ಲಿಲ್ಲಂತ ಕಂಡಕ್ಟರ್ ಕೈಯಾಗ ಕೊಟ್ಟ್ ಕಳ್ಸಿದ್ದೆ. ಈ ಸಲಾನೂ ಹಂಗೇ ಅಂದ್ಕೊಂಡಾರ. ಆ ಬಸ್ಸಿಗೇ ಬರೋಕಿದ್ದೆ, ಹತ್ತಲಿಕ್ಕೇ ಆಗ್ಲಿಲ್ಲಪಾ."

ಹೀಗೆ ಗಂಟು ಕಳೆದುಕೊಂಡವನೂ, ಆ ಗಂಟಿನಿಂದ ಮಂಡಳಿ ಕಳೆದುಕೊಂಡವಳೂ ಒಂದೇ ಸೀಟಿನಲ್ಲಿ ಕೂತು ನಿಲಂಗಾ ಸೇರಿದರು.

ಲಲಿತಾಬಾಯಿಯದು ಪೇಟೆಯ ಓಣಿಯಲ್ಲಿ ದಾಲು, ಬೆಲ್ಲದ ವ್ಯಾಪಾರದ ಮನೆ. ಪಡಸಾಲೆ ತುಂಬ ಹೆಣ್ಣುಮಕ್ಕಳು, ಗೋಡೆಗುಂಟ ತಾಳ ಹಿಡಿದ ಗಂಡಸರು. ನಡುವೆ ರಂಗೋಲಿ, ರಂಗೋಲಿಯ ಮೇಲೆ ಪೀಠ, ಪೀಠದ ಮೇಲೆ ಬಿಚ್ಚಿದ ಕಾವಿ ಬಟ್ಟೆ, ಬಟ್ಟೆಯ ಮೇಲೆ ಕುಂಕುಮ ಏರಿಸಿಕೊಂಡು ಮಯೂರಿಯ ಸಿಲೆಬಸ್ಸು. ಪೀಠದ ಹಿಂದೆ ಪೇಟಾ ಸುತ್ತಿದ ವೀರಭದ್ರ ಕಣ್ಣು ಮುಚ್ಚಿ ಶಿವಸ್ತುತಿ ಹಾಡುತ್ತಿದ್ದ. ನಿಲಂಗಾದ ಸುತ್ತಲಿನ ಊರಿಗೆಲ್ಲ ಪೋಥಿ ಓದುವವನು ಅವನೇ. ಮನೆಯಲ್ಲಿ ಕನ್ನಡ ಮಾತಾಡಿ ಪೋಥಿ ಮರಾಠಿಯಲ್ಲಿ ಓದುವ ಆ ಸೀಮೆಯಲ್ಲಿ ಅವನು ತಡವರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಇವತ್ತು ಹೊದಿಕೆ ತೆರೆದಾಗ ಒಳಗೆ ಇಂಗ್ಲಿಷು ಕಂಡಿತ್ತು. ನನಗೆ ಇದು ಬಾರದು ಎಂದು ಅಷ್ಟು ಮಂದಿಯ ಎದುರು ಹೇಳುವುದುಂಟೇ? ಅವನು ಸ್ತುತಿಯನ್ನೇ ಎಳೆಯತೊಡಗಿದ್ದ. ಗಣಪತಿ ಆಗಿ, ಗುರು ಆಗಿ, ಹನ್ನೆರಡು ಜ್ಯೋತಿರ್ಲಿಂಗ ಆಗಿ, ಈಗ ಊರ ಸುತ್ತಲಿನ ಹಳ್ಳಿಗಳ ದೇವರಿಗೆ ಇಳಿದಿದ್ದ.

ವೈಜನಾಥ ಬಾಗಿಲಲ್ಲೇ ಕೂಗಿದ. "ಅದು ನಂದ್ರೀ! ಪೋಥಿ ಅಲ್ಲ, ಸಿಲೆಬಸ್!"

ಸ್ತುತಿ ಅಲ್ಲಿಗೇ ನಿಂತಿತು. ಮಾಳಮ್ಮ ಮುಂದೆ ಬಂದು ನಿಜವಾದ ಪೋಥಿ ತೋರಿಸಿ ನಡೆದದ್ದೆಲ್ಲ ಹೇಳಿದಳು. ಲಲಿತಾಬಾಯಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೂಗಿನ ಮೇಲೆ ಬೆರಳಿಟ್ಟಳು.

"ಆದದ್ದು ಆಯ್ತು. ಆದ್ರ ಪೀಠದ ಮ್ಯಾಲ ಕುಂತಾದ, ಆರ್ತಿ ಆಗ್ಯಾದ, ಸ್ತುತಿ ಆಗ್ಯಾದ. ಒಂದು ಅಧ್ಯಾಯ ಮುಗೀಲಾರ್ದ ಪೀಠದಿಂದ ಎಬ್ಬಸಂಗಿಲ್ಲ. ನಮ್ಮ ಅತ್ತಿ ಕಾಲದಿಂದ ನಡದ್ ಬಂದಾದ."

"ಆಯಿ, ಅದು ಕಾಲೇಜಿನ ಕಾಗದ..."

"ನಿಮ್ಮ ಕಾಲೇಜಿನಾಗ ಅದು ಕಾಗದ. ನನ್ನ ಪೀಠದ ಮ್ಯಾಲ ಪೋಥಿ. ಈ ತಿಂಗಳ ನಮ್ಮ ಯಜಮಾನ್ರ ಮೊಣಕಾಲ ಆಪರೇಶನ್ ಅದ. ಅರ್ಧಕ್ಕ ಎಬ್ಬಿಸಿ, ನಾಳಿ ಅವ್ರು ಅರ್ಧಕ್ಕ ಎದ್ದ್ ನಿಂತ್ರ ಯಾರು ಜವಾಬ್ದಾರಿ?"

ವೀರಭದ್ರ ತಟ್ಟನೆ ಪೀಠ ಬಿಟ್ಟೆದ್ದ. ಮಳೆಗಾಲದ ಸೂರ್ಯನಂತೆ ಅವನ ಮುಖ ತೆರೆದುಕೊಂಡಿತ್ತು. "ಬರ್ರಿ, ಬರ್ರಿ. ಇವತ್ತಿನ ವಾಚನ ಮನೀಗಿ ಬಂದ ಪಾಹುಣ್ಯಾರದು. ಪಾಹುಣ್ಯಾರ್ ಇರೂತನ ನಾ ಓದೋದು ಶೋಭಸಂಗಿಲ್ಲ."

ಕೈಕಾಲು ತೊಳೆಸಿ, ಜಾಕೀಟಿನ ಮೇಲೆಯೇ ಹಾರ ಹಾಕಿ, ವೈಜನಾಥನನ್ನು ಪೀಠದ ಹಿಂದೆ ಕೂರಿಸಿದರು. ಅವನ ಇಂಗ್ಲಿಷು ಬಿ.ಕಾಂ. ಪಾಸು ಕ್ಲಾಸಿನದು, ಅದೂ ಬಹಳ ದಿನದಿಂದ ಬಳಸದ್ದು. ಅವನು ಗಡಗಡ ಓದಲು ಹೊರಟ.

"ಹಂಗಲ್ಲ," ಲಲಿತಾಬಾಯಿ ತಡೆದಳು. "ರಾಗದಾಗ. ಅರ್ಥಾನೂ ಹೇಳ್ಬೇಕು."

"ಪೇಪರ್ ಒಂದು, ರೀಸರ್ಚ್ ಮೆಥಡಾಲಜಿ," ವೈಜನಾಥ ರಾಗ ತೆಗೆದ. "ಯೂನಿಟ್ ಒಂದು, ಐಡೆಂಟಿಫಿಕೇಶನ್ ಆಫ್ ದ ಪ್ರಾ...ಆ...ಬ್ಲೆಮ್."

"ಹರ ಹರ ಮಹಾದೇವ!" ಎಂದಿತು ಮಂಡಳಿ. ತಾಳ ಬಿದ್ದವು.

"ಅಂದ್ರ, ಮೊದಲ ತಕರಾರು ಏನದ ಅಂತ ಗುರ್ತ ಹಿಡೀಬೇಕು."

"ಖರೇ ಅದ," ಎಂದಳು ಮುಂದಿನ ಸಾಲಿನ ಪ್ರಯಾಗಬಾಯಿ. "ನಮ್ಮನ್ಯಾಗ ತಕರಾರು ಏನು ಅಂತ ತಿಳಿಯೂದ್ರಾಗ ಜಗಳ ಮುಗ್ದೇ ಹೋಗಿರ್ತದ."

"ಯೂನಿಟ್ ಎರಡು, ಸ್ಯಾಂಪ್ಲಿಂ...ಗ್." ಇಲ್ಲಿ ವೈಜನಾಥನಿಗೆ ಸ್ವಂತ ನೆಲ ಸಿಕ್ಕಿತು. "ಅಂದ್ರ ಥಾನಿನಾಗಿಂದು ಒಂದು ತುಂಡು ನೋಡಿ ಥಾನು ಹ್ಯಾಂಗದ ಹೇಳೋದು."

"ನಿಮ್ಮ ಅಂಗಡ್ಯಾಗ ತುಂಡು ನೋಡೇ ಸೀರಿ ಒಯ್ದೆ," ಪ್ರಯಾಗಬಾಯಿ ಬಿಡಲಿಲ್ಲ. "ಒಂದೇ ನೀರಿಗಿ ಬಣ್ಣ ಬಿಡ್ತು."

ವೈಜನಾಥ ಬೆರಳಿಂದ ಮುಂದಿನ ಸಾಲು ತೋರಿಸಿದ. "ಅದೂ ಅದ ನೋಡ್ರಿ ಇಲ್ಲೇ. ಸ್ಯಾಂಪ್ಲಿಂಗ್ ಎರರ್."

"ಹರ ಹರ ಮಹಾದೇವ!"

ಮೂರನೆಯ ಯೂನಿಟ್ಟಿನ ಬಾಗಿಲಲ್ಲಿ ಫೋನು ಬಂತು. ಮಯೂರಿ.

"ಎಲ್ಲಿದ್ದೀರಿ? ಅಧ್ಯಕ್ಷರು ಹೊರಡೂ ತಯಾರಿ ಮಾಡ್ಲಾಕತ್ತಾರ."

"ನಿಲಂಗಾದಾಗ. ನಿನ್ನ ಸಿಲೆಬಸ್ ಓದ್ಲಾಕತ್ತೀನಿ."

"ಓದ್ಲಾಕತ್ತೀರಾ? ಈಗ? ಯಾಕ?"

"ಓದಿ ಮುಗ್ಸಿದ್ರೇನೇ ಕೊಡ್ತಾರಂತ."

"ಯಾರು? ಆ ತಾಳದ ಸಪ್ಪಳ ಎಲ್ಲಿಂದು?"

"ಎಕ್ಸ್‌ಪೆರಿಮೆಂಟಲ್ ಡಿಸೈನಿಗೆ ಬಂದೀನಿ. ಇಡು, ಮಂದಿ ಕಾಯ್ಲಾಕತ್ತಾರ."

ಉದಗೀರದ ಕೇಂದ್ರದ ಮೆಟ್ಟಿಲ ಮೇಲೆ ಮಯೂರಿ ಫೋನು ಇಟ್ಟು, ಪಕ್ಕದಲ್ಲಿದ್ದ ಕಚೇರಿಯ ಕಾಜಲಳಿಗೆ, "ನನ್ನ ಗಂಡ ಮೊದಲ ಹಿಂಗಿರ್ಲಿಲ್ಲ," ಎಂದಳಂತೆ.

ಇತ್ತ ವೈಜನಾಥ ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು ಕೊಟ್ಟು, ಇನ್ನೊಂದಕ್ಕೆ ಕೊಡದೆ ಫರಕು ನೋಡುವ ವಿಧಾನ ವಿವರಿಸಿದ. ಲಲಿತಾಬಾಯಿ ತಲೆಯಾಡಿಸಿದಳು. "ನಾನೂ ಮಾಡಿ ನೋಡೀನಿ. ಹಿರಿ ಸೊಸಿಗಿ ಬೈದೆ, ಕಿರಿಯಾಕಿಗಿ ಬೈಲಿಲ್ಲ. ಇಬ್ಬರೂ ಅಷ್ಟೇ ತಡಾ ಮಾಡಿ ಏಳ್ತಾರ."

ಪೇಪರ್ ಒಂದರ ಕೊನೆಯದು ನೀತಿಯ ಯೂನಿಟ್ಟು. ವೈಜನಾಥ ಅಕ್ಷರ ಕೂಡಿಸಿ ಕೂಡಿಸಿ ಅರ್ಥ ಹೇಳಿದ. "ಕೇಳಲಾರ್ದ ಯಾರ ಮನಸಿನ ಮಾತೂ ತೆಗದ್ ಬರ್ಕೋಬಾರ್ದು. ಒಲ್ಲೆ ಅಂದ್ರ ಅಲ್ಲಿಗೇ ಬಿಡ್ಬೇಕು. ಹೇಳಿದ್ದು ಇನ್ನೊಬ್ಬರ ಕಿವಿಗಿ ಹೋಗಬಾರ್ದು."

ತಾಳ ಬೀಳಲಿಲ್ಲ. ಅಡುಗೆಮನೆಯ ಬಾಗಿಲಿಗೆ ಇಬ್ಬರೂ ಸೊಸೆಯರು ಬಂದು ನಿಂತಿದ್ದರು.

"ಪಾಹುಣ್ಯಾರ, ಅದೊಂದು ಇನ್ನೊಮ್ಮೆ ಓದ್ರಿ," ಎಂದಳು ಹಿರಿಯಳು.

"ಜೋರಾಗಿ ಓದ್ರಿ," ಎಂದಳು ಕಿರಿಯಳು.

ಲಲಿತಾಬಾಯಿ ಸೆರಗು ಸರಿಮಾಡಿಕೊಂಡು ಇಬ್ಬರನ್ನೂ ನೋಡಿದಳು. "ಓದ್ರಿ," ಎಂದಳು. "ಪೋಥಿ ಹೇಳ್ತದ, ನಾ ಏನ್ ಮಾಡ್ಲಿ." ವೈಜನಾಥ ಇನ್ನೊಮ್ಮೆ ಓದಿದ. ಅವತ್ತಿನ ಅತಿ ದೊಡ್ಡ ಹರ ಹರ ಮಹಾದೇವ ಬಂದದ್ದು ಅದಕ್ಕೆ, ಅದೂ ಅಡುಗೆಮನೆಯ ಕಡೆಯಿಂದ.

ಅಧ್ಯಾಯ ಮುಗಿಯಿತು, ಪ್ರಸಾದದ ಸಜ್ಜಕ ಬಾಯಿಗೆ ಬಿತ್ತು. ವೈಜನಾಥ ಫೈಲನ್ನು ಮತ್ತೆ ಕಾವಿ ಬಟ್ಟೆಯಲ್ಲಿ ಕಟ್ಟಿಕೊಂಡು ಓಡಬೇಕು, ಅಷ್ಟರಲ್ಲಿ ಲಲಿತಾಬಾಯಿ ಮತ್ತೆ ಅಡ್ಡ ನಿಂತಳು. "ಒಬ್ಬಂಟಿ ಕಳಸಂಗಿಲ್ಲ. ಪೀಠದಿಂದ ಎದ್ದದ್ದು ಮುಟ್ಟೋ ಜಾಗಾ ಮುಟ್ಟೂತನ ಭಜನಿ ನಿಲ್ಲಬಾರ್ದು. ವೀರಭದ್ರಾ, ಜೀಪ್ ತೆಗಿ."

ಮಾಳಮ್ಮ ತನ್ನ ಪೋಥಿಯನ್ನು ಪೀಠಕ್ಕೇರಿಸುತ್ತಿದ್ದಂತೆ, ದಾಲಿನ ಚೀಲ ಹೊರುವ ಜೀಪು ನಾಲ್ಕು ಜೋಡಿ ತಾಳ, ಒಂದು ಫೈಲು, ಹಾರ ಹಾಕಿಕೊಂಡ ಒಬ್ಬ ಗಂಡನನ್ನು ಹೊತ್ತು ಉದಗೀರದ ದಾರಿ ಹಿಡಿಯಿತು. ವೀರಭದ್ರ ಗಾಡಿ ಓಡಿಸುತ್ತಲೇ ಹಾಡಿದ. ಇಂಗ್ಲಿಷಿನಿಂದ ಪಾರಾದ ಸಂತೋಷದಲ್ಲಿ ಅವನ ಗಂಟಲು ಗಂಟೆಯಂತಿತ್ತು. ಕೆಂಪು ದೀಪಕ್ಕೂ ಎಮ್ಮೆಯ ಹಿಂಡಿಗೂ ಹೆದರದ ಆ ಜೀಪಿಗೆ ಲಾರಿಗಳು ತಾವಾಗಿ ದಾರಿ ಬಿಟ್ಟವು.

ಸಂಶೋಧನಾ ಕೇಂದ್ರದ ಗೇಟಿಗೆ ಬಂದಾಗ ಸಮಿತಿ ಎದ್ದು ಬಹಳ ಹೊತ್ತಾಗಿತ್ತು. ಅಧ್ಯಕ್ಷ ನೀಲಕಂಠ ಸರ್ ಕಾರಿನಲ್ಲಿ ಕೂತು ಹೊರಟೇಬಿಟ್ಟಿದ್ದರು. ಅವರ ಕಟ್ಟುನಿಟ್ಟು ಎಂಥದ್ದೆಂದರೆ, ಸಮಯ ಮೀರಿ ಬಂದ ಸ್ವಂತ ಭಾವಮೈದುನನ ಅರ್ಜಿಯನ್ನೂ ಹಿಂದೆ ಕಳಿಸಿದವರು. ಕಾರಿನ ಕಿಟಕಿಯ ಪಕ್ಕ ಮಯೂರಿ ನಡೆದುಬರುತ್ತಿದ್ದಳು. "ಸರ್, ಇನ್ನ ಸ್ವಲ್ಪ..." "ಇಲ್ಲಮ್ಮಾ, ಟೈಮ್ ಅಂದ್ರ ಟೈಮ್. ಮುಂದಿನ ವರ್ಷ ಕ್ಲಾಸಿಗಿ ಬಾ." ಅವಳ ಮುಖದಲ್ಲಿ ಸಂಖ್ಯಾಶಾಸ್ತ್ರ ಆಗಲೇ ಮೋಡ ಕಟ್ಟಿತ್ತು.

ಆಗ ಗೇಟಿನೊಳಗೆ ತಾಳ ಮೊಳಗಿತು. ಜೀಪಿನಿಂದ ಇಳಿದ ಮಂಡಳಿ ದಾರಿಗೆ ಅಡ್ಡಲಾಗಿ ಬಂತು. ಮುಂದೆ ವೀರಭದ್ರ, ಅವನ ಪೇಟದ ಮೇಲೆ ಕಾವಿ ಗಂಟು. ಹಿಂದೆ ಬರಿಗಾಲಲ್ಲಿ ವೈಜನಾಥ. ಅವನ ಚಪ್ಪಲಿ ಲಲಿತಾಬಾಯಿಯ ಪಡಸಾಲೆಯ ಹೊರಗೇ ಉಳಿದಿತ್ತು.

ನೀಲಕಂಠ ಸರ್ ಮನಃಶಾಸ್ತ್ರದಲ್ಲಿ ಎಷ್ಟೇ ಓದಿರಲಿ, ಹುಟ್ಟಿದ್ದು ಶ್ರಾವಣದಲ್ಲಿ ಪೋಥಿ ಓದುವ ಮನೆಯಲ್ಲಿ. ಪೋಥಿ ಎದುರು ಬಂದಾಗ ಗಾಡಿಯಲ್ಲಿ ಕೂತಿರುವುದನ್ನು ಅವರ ಕಾಲು ಕಲಿತಿರಲಿಲ್ಲ. ಕಾರು ನಿಂತಿತು. ಬಾಗಿಲು ತೆರೆಯಿತು. ಬೂಟು ಒಂದು ಆಚೆ, ಒಂದು ಈಚೆ ಬಿದ್ದವು. ಸರ್ ಒದ್ದೆ ನೆಲದ ಮೇಲೆ ಸಾಕ್ಸಿನಲ್ಲಿ ನಿಂತು ಕೈ ಮುಗಿದು, ವೀರಭದ್ರ ಬಾಗಿಸಿದ ಗಂಟಿಗೆ ಹಣೆ ಹಚ್ಚಿದರು.

"ಯಾವ ಊರಿನ ಪೋಥಿರೀ?" ಭಕ್ತಿಯಿಂದ ಕೇಳಿದರು.

"ಮಯೂರಿಬಾಯಿಯವ್ರ ಕೋರ್ಸ್‌ವರ್ಕ್ ರೀ, ಸರ್," ಎಂದ ವೀರಭದ್ರ, ಅಷ್ಟೇ ಭಕ್ತಿಯಿಂದ.

ನೀಲಕಂಠ ಸರ್ ಗಂಟನ್ನು ನೋಡಿದರು. ತಮ್ಮ ಸಾಕ್ಸನ್ನು ನೋಡಿದರು. ತಡವಾಯಿತು ಎಂದು ಬಯ್ಯಲು ಬಾಯಿ ತೆರೆದರು. ಆದರೆ ಹಣೆಯ ಮೇಲೆ ಆಗಲೇ ಅದರ ವಿಭೂತಿ ಅಂಟಿತ್ತು. ಬಾಯಿ ಮುಚ್ಚಿ, "ಬಿಚ್ರಿ," ಎಂದರು.

ಫೈಲನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟರು. ಮಯೂರಿ ಸೆರಗು ಹಿಡಿದು ಮಳೆಹನಿಗೆ ಅಡ್ಡ ಮಾಡಿದಳು. ಸರ್ ಒಂದೊಂದೇ ಹಾಳೆ ತಿರುವಿ ಹಳೆಯ ಶಿಕ್ಕಾ ನೋಡಿದರು, ಸಹಿ ನೋಡಿದರು, ಸಜ್ಜಕದ ತುಪ್ಪದ ಕಲೆ ಕಂಡು ಹುಬ್ಬೇರಿಸಿದರು. ಮಂಡಳಿಯವರು ತಾಳಗಳನ್ನು ಒಂದಕ್ಕೊಂದು ಮುಟ್ಟದಂತೆ ಎತ್ತಿ ಹಿಡಿದಿದ್ದರು.

"ಎಲ್ಲಾ ಬರೋಬ್ಬರ್ ಅದ," ಎಂದು ಸರ್ ಪೆನ್ನಿನ ಮುಚ್ಚಳ ತೆಗೆದರು. ಕಾಜಲ ಕಚೇರಿಯಿಂದ ಶಿಕ್ಕಾ ಹಿಡಿದು ಓಡಿ ಬಂದಳು. ಸಹಿ ಬಿತ್ತು. ಸಹಿಯ ಮೇಲೆ ಶಿಕ್ಕಾ ಬಿತ್ತು. ಮಯೂರಿ ಕಾರಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟು ನಕ್ಕಳು, ವೈಜನಾಥ ಕಾಜಲಳ ಕೈಯ ನೀರಿನ ಬಾಟಲಿ ಕಸಿದು ಗಟಗಟ ಕುಡಿದ, ತಾಳಗಳು ಒಮ್ಮೆಲೇ ಬಿದ್ದವು. ಹೀಗೆ ಮಯೂರಿಯ ನಾಲ್ಕೂ ಪೇಪರುಗಳು, ಸಂಖ್ಯಾಶಾಸ್ತ್ರವೂ ಸೇರಿ, ಗಡಿ ದಾಟಿ ಬಂದು ಉದಗೀರದಲ್ಲಿ ಇಳಿದವು.